ಮಗುವಿನ ಬಟ್ಟೆ ಒಗೆಯುವವರು ಯಾರು?

ಹೆರಿಗೆಯ ದಿನ ಹತ್ತಿರವಾದಾಗ ಖಾಸಗಿ ಆಸ್ಪತ್ರೆಯವರು ಮನೆಮಂದಿಯ ಕೈಗೆ ಒಂದು ಚೀಟಿ ಕೊಡುತ್ತಾರೆ. ದಾಖಲಾಗಲು ಬರುವಾಗ ತರಬೇಕಾದ ಸಾಮಾನುಗಳ ಪಟ್ಟಿ ಅದು. ಮಗುವಿಗೆ ಟೊಪ್ಪಿ, ಕಾಲುಚೀಲ, ಟವೆಲು, ಸೋಪು, ಒಂದು ಪ್ಯಾಕೆಟ್ ಡೈಪರ್. ಮೆತ್ತಗಿನ ಹಳೆಬಟ್ಟೆ ಎಂಬ ಸಾಲು ಆ ಚೀಟಿಗಳಲ್ಲಿ ಈಗ ಅಪರೂಪ. ಆದರೂ ಅಜ್ಜಿ ಸುಮ್ಮನಿರುವುದಿಲ್ಲ. ತಿಂಗಳುಗಳಿಂದ ಎತ್ತಿಟ್ಟಿದ್ದ ಅಜ್ಜನ ಬಿಳಿ ಮುಂಡುಗಳನ್ನು, ತನ್ನ ಹಳೆಯ ನೂಲಿನ ಸೀರೆಗಳನ್ನು ಒಗೆದು, ಚೌಕ ಹರಿದು, ಅಂಚು ಮಡಚಿ ಹೊಲಿದು ಒಂದು ಚೀಲದಲ್ಲಿ ತುಂಬಿಸಿಕೊಂಡು ಬಂದಿರುತ್ತಾರೆ. ಆ ಚೀಲ ಆಸ್ಪತ್ರೆಯ ಮಂಚದ ಕೆಳಗಿನಿಂದ ಮೇಲೆ ಬರುವುದೇ ಇಲ್ಲ. 'ಈಗ ಯಾರು ಅದನ್ನೆಲ್ಲ ಹಾಕ್ತಾರೆ ಉಮ್ಮಾ?' ಎಂದು ಮಗಳು ಕೇಳುತ್ತಾಳೆ. ಅಜ್ಜಿಯ ಬಳಿ ಉತ್ತರವಿಲ್ಲ. ಮೂರನೆಯ ದಿನ ಚೀಲ ಬಂದ ಹಾಗೆಯೇ ಮನೆಗೆ ಹಿಂದಿರುಗುತ್ತದೆ.

ಆ ಚೀಲದ ಪರವಾಗಿ ನಾವು ವಾದಿಸಲು ಹೊರಟಿದ್ದೇವೆ. ಆದರೆ ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. 'ಹಿಂದಿನ ಕಾಲವೇ ಚೆನ್ನಾಗಿತ್ತು, ಈಗಿನ ಹೆಣ್ಣುಮಕ್ಕಳಿಗೆ ಸೋಮಾರಿತನ' ಎಂಬ ರಾಗಕ್ಕೆ ದನಿಗೂಡಿಸುವುದು ನಮ್ಮ ಉದ್ದೇಶವಲ್ಲ. ಆ ರಾಗ ಹಾಡುವವರಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಮ್ಮೆಯೂ ಮಗುವಿನ ಬಟ್ಟೆ ಒಗೆಯದ ಗಂಡಸರು. ಅವರ ಬಗ್ಗೆ ಮುಂದೆ ಬರೆಯಲಿಕ್ಕಿದೆ.

ಮೊದಲು ಡೈಪರನ್ನೇ ಬಿಡಿಸಿ ನೋಡೋಣ. ಹೊರಗಿನದು ನೀರು ಸೋರದ ಪಾಲಿಥಿನ್ ಹಾಳೆ. ಮಗುವಿನ ಮೈಗೆ ತಾಗುವ ಪದರ ನೋಡಲು ಹತ್ತಿಯಂತೆ ಕಂಡರೂ ಅದು ಪಾಲಿಪ್ರೊಪಿಲೀನ್, ಅಂದರೆ ಅದೂ ಪ್ಲಾಸ್ಟಿಕ್ಕೇ. ನಡುವೆ ಮರದ ತಿರುಳಿನ ನಾರು. ಅದರೊಂದಿಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಬಿಳಿ ಹರಳು. ತನ್ನ ತೂಕದ ಹತ್ತಾರು ಪಟ್ಟು ಮೂತ್ರವನ್ನು ಹೀರಿ ಲೋಳೆಯಂತಾಗುವುದು ಈ ಹರಳೇ. ಅಮೆರಿಕದಲ್ಲಿ 1961ರಲ್ಲಿ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದಂದಿನಿಂದ ಈ ವಸ್ತು ತೆಳುವಾಗಿದೆ, ಹೀರುವ ಶಕ್ತಿ ಹೆಚ್ಚಾಗಿದೆ, ಅಂಟುಪಟ್ಟಿ ಬದಲಾಗಿದೆ. ಬದಲಾಗದೆ ಉಳಿದಿರುವ ಸಂಗತಿ ಒಂದೇ. ಮಗು ಅದರಲ್ಲಿ ಮಾಡಿದ್ದು ಅದರಲ್ಲೇ ಉಳಿಯುತ್ತದೆ. ನಾವು ಅದನ್ನು ಸುತ್ತಿ ಕಸದ ಬುಟ್ಟಿಗೆ ಹಾಕುತ್ತೇವೆ, ಬುಟ್ಟಿಯನ್ನು ಗೇಟಿನ ಹೊರಗಿಡುತ್ತೇವೆ. ಅಲ್ಲಿಗೆ ನಮ್ಮ ಲೆಕ್ಕ ಮುಗಿಯಿತು.

ನಿಜವಾಗಿ ಮುಗಿಯಿತೇ? ಸುಬ್‌ಹ್ ನಮಾಝ್ ಮುಗಿಸಿ ಮಸೀದಿಯಿಂದ ಹಿಂದಿರುಗುವ ಹೊತ್ತಿಗೆ ನಮ್ಮ ಬೀದಿಗಳಿಗೆ ಕಸದ ಗಾಡಿ ಬರುತ್ತದೆ. ಒಂದು ದಿನ ನಿಂತು ನೋಡಿ. ಗಾಡಿಯ ಹಿಂಬದಿಯಲ್ಲಿ ನಿಂತ ಕಾರ್ಮಿಕ ಪ್ಲಾಸ್ಟಿಕ್ ಚೀಲವನ್ನು ಹರಿದು ಹಸಿ ಕಸ ಒಂದು ಕಡೆ, ಒಣ ಕಸ ಇನ್ನೊಂದು ಕಡೆ ಹಾಕುತ್ತಾನೆ. ಚೀಲದೊಳಗೆ ಅನ್ನ, ಮೀನಿನ ಮುಳ್ಳು, ಹಾಲಿನ ತೊಟ್ಟೆ, ಅವುಗಳ ನಡುವೆ ಮುದ್ದೆಯಾಗಿ ಭಾರವಾದ ಡೈಪರ್. ಕೆಲವೊಮ್ಮೆ ಅದು ಬಿಚ್ಚಿಕೊಂಡಿರುತ್ತದೆ. ಕೈಗವಸು ಇದ್ದರೆ ಇದೆ, ಹರಿದಿದ್ದರೆ ಹರಿದಿದೆ. ಅವನು ಅದನ್ನು ಎರಡು ಬೆರಳುಗಳಿಂದ ಎತ್ತಿ ಬೇರೆ ಚೀಲಕ್ಕೆ ಹಾಕುತ್ತಾನೆ. ಮುಖ ಸಿಂಡರಿಸುವುದೂ ಇಲ್ಲ. ದಿನಕ್ಕೆ ನೂರಾರು ಮನೆಗಳ ಕಸ ಎತ್ತುವವನಿಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿದೆ?

ಇದಕ್ಕೊಂದು ನಿಯಮ ಇಲ್ಲದೆ ಇಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಡೈಪರನ್ನು ನೈರ್ಮಲ್ಯ ತ್ಯಾಜ್ಯವೆಂದು ಪ್ರತ್ಯೇಕವಾಗಿ ಗುರುತಿಸಿದವು. ಅದನ್ನು ಭದ್ರವಾಗಿ ಸುತ್ತಿಯೇ ಕೊಡಬೇಕು, ಸುತ್ತಲು ಬೇಕಾದ ಚೀಲವನ್ನು ತಯಾರಕರು ಪ್ಯಾಕೆಟಿನ ಜೊತೆಗೇ ಒದಗಿಸಬೇಕು ಎಂದವು. ಅದಕ್ಕೂ ಮುಂಚೆ, 2015ರಲ್ಲಿ, ಕರ್ನಾಟಕ ಹೈಕೋರ್ಟಿನ ಆದೇಶದಂತೆ ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂದಿತ್ತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಚೀಲ ಒಣ ಕಸಕ್ಕೆ, ಕೆಂಪು ಬುಟ್ಟಿ ಡೈಪರ್‌ನಂಥವಕ್ಕೆ. ನಿಯಮ ಕಾಗದದಲ್ಲಿತ್ತು. ನಮ್ಮ ಓದುಗರಲ್ಲಿ ಎಷ್ಟು ಮಂದಿ ಡೈಪರನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಟ್ಟಿದ್ದೀರಿ? ಅದರಲ್ಲಿದ್ದ ಮಲವನ್ನು ಮೊದಲು ಪಾಯಿಖಾನೆಗೆ ಜಾಡಿಸಿ ಕೊಟ್ಟಿದ್ದೀರಿ? ಉತ್ತರ ನಮಗೆ ಬರೆದು ಕಳಿಸಬೇಕಾಗಿಲ್ಲ, ಮನಸ್ಸಿನಲ್ಲಿಯೇ ಇರಲಿ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ನಮ್ಮ ದೇಶದಲ್ಲಿ 2013ರಲ್ಲಿ ಹೊಸ ಕಾನೂನು ಬಂತು. ನೈರ್ಮಲ್ಯರಹಿತ ಪಾಯಿಖಾನೆ, ಅದರ ಹೊಲಸು ಹರಿಯುವ ತೆರೆದ ಚರಂಡಿ ಮತ್ತು ಗುಂಡಿ, ರೈಲು ಹಳಿ ಮುಂತಾದ ಕಡೆ, ಕೊಳೆತು ಮುಗಿಯದ ಮನುಷ್ಯರ ಮಲವನ್ನು ಕೈಯಿಂದ ಎತ್ತಿಸುವುದು ಅಪರಾಧ ಎಂದು ಅದು ಹೇಳುತ್ತದೆ. ಬೇರೆ ಸ್ಥಳಗಳನ್ನು ಪಟ್ಟಿಗೆ ಸೇರಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. ಆದರೆ ಕಾನೂನಿನ ಆ ವಾಕ್ಯದಲ್ಲಿ ಗೇಟಿನ ಹೊರಗಿಟ್ಟ ಕಸದ ಬುಟ್ಟಿಯ ಹೆಸರಿಲ್ಲ. ಮಲ ಅದೇ, ಕೈ ಅದೇ, ಆ ಕೈಯ ಜಾತಿಯೂ ಹೆಚ್ಚುಕಡಿಮೆ ಅದೇ. ಪ್ಲಾಸ್ಟಿಕ್ಕಿನ ಹೊದಿಕೆಯೊಂದು ಬಂದ ಮಾತ್ರಕ್ಕೆ ಅದು ಮಲ ಎತ್ತುವ ಕೆಲಸವಲ್ಲ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ.

2010ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಡೆದದ್ದು ನೆನಪಿರಬಹುದು. ದಶಕಗಳಿಂದ ವಾಸಿಸುತ್ತಿದ್ದ ಜಾಗದಿಂದ ಎಬ್ಬಿಸಲು ಹೊರಟ ಪುರಸಭೆಯ ಎದುರು ಭಂಗಿ ಸಮುದಾಯದವರು ತಲೆಯ ಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನವಾಬರ ಊರು ಅದು, ಮುಸ್ಲಿಮರು ಬಹಳ ಸಂಖ್ಯೆಯಲ್ಲಿರುವ ಊರು. ಆ ಫೋಟೋ ನೋಡಿ ರಾಜ್ಯವೇ ತಲೆತಗ್ಗಿಸಿತು, ನಾವೂ ತಗ್ಗಿಸಿದೆವು. ಅವರು ತಲೆಯ ಮೇಲೆ ಸುರಿದುಕೊಂಡದ್ದು ಯಾರ ಮನೆಯದು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ.

ಇನ್ನೊಂದು ಸಂಗತಿ. ಬೆಂಗಳೂರಿನ ಅಂಚಿನ ಶೆಡ್ಡುಗಳಲ್ಲಿ ಕಸ ಆಯ್ದು ಬೇರ್ಪಡಿಸುವವರಲ್ಲಿ ಬಂಗಾಳ, ಅಸ್ಸಾಮ್ ಕಡೆಯಿಂದ ಬಂದ ಮುಸ್ಲಿಮ್ ಕುಟುಂಬಗಳು ಅನೇಕ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರನ್ನು ಬಾಂಗ್ಲಾದೇಶೀಯರೆಂದು ಆರೋಪಿಸಿ ಅವರ ಗುಡಿಸಲುಗಳನ್ನು ಕೆಡವಿದಾಗ ನಾವು ಖಂಡಿಸಿದೆವು, ಖಂಡಿಸಬೇಕಾದದ್ದೇ. ನಮ್ಮ ಸಲಾಮಿಗೆ ಸಲಾಮು ಹೇಳುವ ಆ ಜನರ ಮಕ್ಕಳು ಕಸದ ರಾಶಿಯ ಪಕ್ಕದಲ್ಲೇ ಆಡುತ್ತಾರೆ. ನಮ್ಮ ಮಕ್ಕಳ ಡೈಪರು ಹೋಗಿ ಸೇರುವುದು ಅಂಥ ರಾಶಿಗಳಿಗೇ.

ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ? ಊರ ಹೊರಗಿನ ಗುಡ್ಡಕ್ಕೆ. 2019ರ ಆಗಸ್ಟ್‌ನ ಮಳೆಗೆ ಮಂಗಳೂರಿನ ಪಚ್ಚನಾಡಿಯ ತ್ಯಾಜ್ಯದ ಗುಡ್ಡ ಕುಸಿದು ಮಂದಾರದ ಮನೆಗಳ, ತೋಟಗಳ ಮೇಲೆ ಹರಿಯಿತು. ಅದಕ್ಕೆ ಮುಂಚೆ ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರದವರು, ಮಂಡೂರಿನವರು ಬೀದಿಗಿಳಿದು ಹೋರಾಡಿದ್ದರು. ಕಸದ ಗಾಡಿಯೇ ಬಾರದ ಹಳ್ಳಿಗಳಲ್ಲಾದರೋ ಡೈಪರು ತೋಡಿಗೆ, ಹೊಳೆಗೆ, ಪಾಳುಬಾವಿಗೆ. ಸುಟ್ಟರೆ ಮಗುವಿನ ಕುಂಡಿ ಉರಿಯುತ್ತದೆಂದು ನಂಬಿ ಹೊಳೆಗೆ ಎಸೆಯುವವರೂ ಇದ್ದಾರೆ. ಇದು ನಮ್ಮ ಕಡೆಯ ಮೂಢನಂಬಿಕೆ ಮಾತ್ರವಲ್ಲ. ಇಂಡೋನೇಷ್ಯಾದ ಜಾವಾದಲ್ಲಿ ಇದೇ ಭಯದಿಂದ ಜನರು ಬ್ರಂತಾಸ್ ನದಿಗೆ ಡೈಪರ್ ಎಸೆದು, ಅದನ್ನು ಹೆಕ್ಕಿ ತೆಗೆಯಲು ಅಲ್ಲಿನ ಪರಿಸರ ಕಾರ್ಯಕರ್ತರು ನದಿಗಿಳಿಯಬೇಕಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ಕತೆ ಇದು.

ಜನರು ನಡೆಯುವ ದಾರಿಯಲ್ಲಿ, ವಿಶ್ರಮಿಸುವ ನೆರಳಿನಲ್ಲಿ ಮಲವಿಸರ್ಜನೆ ಮಾಡುವವರನ್ನು ಪ್ರವಾದಿ ಮುಹಮ್ಮದ್(ಸ)ರು ಕಠಿಣವಾಗಿ ಎಚ್ಚರಿಸಿದ್ದಾರೆ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ತಡೆದಿದ್ದಾರೆ. ಈ ಹದೀಸ್‌ಗಳನ್ನು ಮದ್ರಸದ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಹೊಳೆಗೆ ಎಸೆದ ಡೈಪರಿಗೆ ಇದು ಅನ್ವಯಿಸುವುದಿಲ್ಲವೆಂದು ನಮಗೆ ಹೇಳಿಕೊಟ್ಟವರು ಯಾರು?

ಇಲ್ಲಿ ನಮ್ಮ ಸಮುದಾಯದ ಒಂದು ವಾದವನ್ನು ಎದುರಿಸಲೇಬೇಕು. 'ಡೈಪರ್ ಇದ್ದರೆ ನಜಸ್ ಮೈಗೆ, ಬಟ್ಟೆಗೆ, ಚಾಪೆಗೆ ತಾಗುವುದಿಲ್ಲ, ನಮಾಝಿಗೆ ಅನುಕೂಲ' ಎಂಬ ವಾದ. ಕೇಳಲು ಧಾರ್ಮಿಕವಾಗಿಯೇ ಇದೆ. ಹಾಗಿದ್ದರೆ ಧರ್ಮ ಏನು ಹೇಳುತ್ತದೆಂದು ನೋಡೋಣ. ಉಮ್ಮು ಖೈಸ್(ರ) ಎಂಬ ಮಹಿಳೆ ಇನ್ನೂ ಆಹಾರ ತಿನ್ನಲು ಆರಂಭಿಸದ ತನ್ನ ಗಂಡುಮಗುವನ್ನು ಪ್ರವಾದಿ(ಸ)ರ ಬಳಿಗೆ ತಂದರು. ಪ್ರವಾದಿ(ಸ)ರು ಮಡಿಲಲ್ಲಿ ಕೂರಿಸಿಕೊಂಡರು. ಮಗು ಅವರ ಬಟ್ಟೆಯ ಮೇಲೆ ಮೂತ್ರ ಮಾಡಿತು. ಅವರು ನೀರು ತರಿಸಿ ಅದರ ಮೇಲೆ ಚಿಮುಕಿಸಿದರು, ತೊಳೆಯಲಿಲ್ಲ. ಬುಖಾರಿಯಲ್ಲಿರುವ ಘಟನೆ. ಇದನ್ನೇ ಆಧರಿಸಿ ಶಾಫಿಈ ಮದ್‌ಹಬ್‌ನಲ್ಲಿ, ಹಾಲು ಮಾತ್ರ ಕುಡಿಯುವ ಎರಡು ವರ್ಷದೊಳಗಿನ ಗಂಡುಮಗುವಿನ ಮೂತ್ರವಾದರೆ ನೀರು ಚಿಮುಕಿಸಿದರೆ ಸಾಕು, ಹೆಣ್ಣುಮಗುವಿನದಾದರೆ ತೊಳೆಯಬೇಕು. ಹನಫೀಗಳಲ್ಲಿ ಎರಡನ್ನೂ ತೊಳೆಯಬೇಕು. (ಗಂಡು-ಹೆಣ್ಣಿನ ಈ ವ್ಯತ್ಯಾಸಕ್ಕೆ ವಿದ್ವಾಂಸರು ಕೊಡುವ ಕಾರಣಗಳು ಬೇರೆ ಬೇರೆ, ಅದು ಬೇರೆ ಚರ್ಚೆ.) ಕರಾವಳಿಯ ಬ್ಯಾರಿಗಳೂ ನವಾಯತರೂ ಹೆಚ್ಚಾಗಿ ಶಾಫಿಈಗಳು, ಘಟ್ಟದ ಮೇಲಿನವರು ಹೆಚ್ಚಾಗಿ ಹನಫೀಗಳು. ಎರಡರಲ್ಲಿ ಯಾವುದನ್ನು ಅನುಸರಿಸಿದರೂ ಬೇಕಾದದ್ದು ಒಂದಿಷ್ಟು ನೀರು, ಅಷ್ಟೆ.

ಪ್ರವಾದಿ(ಸ)ರು ತಮ್ಮ ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದ್ದರು. ಸುಜೂದಿಗೆ ಹೋಗುವಾಗ ಕೆಳಗಿಳಿಸಿ, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಮಗುವನ್ನು ಕಂಡು ನಮಾಝಿಗೆ ಹೆದರುವ ಸಂಪ್ರದಾಯ ನಮ್ಮದಲ್ಲ. ಇನ್ನು, ಮಲಮೂತ್ರ ತುಂಬಿದ ಡೈಪರ್ ಕಟ್ಟಿದ ಮಗುವನ್ನು ಎತ್ತಿಕೊಂಡು ನಮಾಝಿಗೆ ನಿಂತರೆ ನಜಸನ್ನು ಹೊತ್ತಂತೆಯೇ ಎಂದು ಶಾಫಿಈ ಫಿಕ್‌ಹ್ ಹೇಳುತ್ತದೆ. ಹೊರಗೆ ಒಣಗಿದಂತೆ ಕಾಣುವುದು ಶುದ್ಧವಾಗಿರುವುದಲ್ಲ. ಮತ್ತೂ ಒಂದು ಸಂಗತಿಯಿದೆ. ಹೆರಿಗೆಯ ನಂತರದ ನಿಫಾಸಿನ ದಿನಗಳಲ್ಲಿ, ಸಾಮಾನ್ಯವಾಗಿ ನಲ್ವತ್ತು ದಿನ, ಬಾಣಂತಿಗೆ ನಮಾಝೇ ಇಲ್ಲ. ಮಗುವಿಗೆ ಅತಿ ಹೆಚ್ಚು ಬಟ್ಟೆ ಬದಲಿಸಬೇಕಾದ ದಿನಗಳೂ ಅವೇ. ಹಾಗಾದರೆ 'ನಮಾಝಿಗೆ ಅನುಕೂಲ' ಎನ್ನುವಾಗ ನಾವು ಯಾರ ಅನುಕೂಲದ ಬಗ್ಗೆ ಮಾತನಾಡುತ್ತಿದ್ದೇವೆ?

ಬಟ್ಟೆಯ ಪರ ವಹಿಸುವ ನಮ್ಮವರನ್ನೂ ಬಿಡುವಂತಿಲ್ಲ. 'ಹಿಂದೆ ಎಲ್ಲರೂ ಬಟ್ಟೆಯನ್ನೇ ಬಳಸುತ್ತಿದ್ದರಲ್ಲ, ಮಕ್ಕಳು ಬೆಳೆಯಲಿಲ್ಲವೇ?' ಎನ್ನುತ್ತಾರೆ. ಬೆಳೆದರು. ಆದರೆ ಒಗೆದದ್ದು ಯಾರು? ಅನುಕೂಲಸ್ಥರ ಮನೆಗಳಲ್ಲಿ ಹೆರಿಗೆಯ ಬಟ್ಟೆ, ಮಗುವಿನ ಬಟ್ಟೆ ಒಗೆಯುವ ಕೆಲಸ ಮಡಿವಾಳ ಹೆಂಗಸಿನ ಪಾಲಿಗಿತ್ತು. ಆಕೆ ಹಿತ್ತಲ ಬಾಗಿಲಿಗೆ ಬಂದು, ಮೂಲೆಯಲ್ಲಿಟ್ಟ ಗಂಟನ್ನು ಎತ್ತಿಕೊಂಡು ಹೊಳೆಗೆ ಹೋಗುತ್ತಿದ್ದಳು. ಪ್ರತಿಯಾಗಿ ಅಕ್ಕಿ, ತೆಂಗಿನಕಾಯಿ, ಹಬ್ಬಕ್ಕೊಂದು ಸೀರೆ. ಸೂತಕದ ಮೈಲಿಗೆ ತೊಳೆಯುವ ಜಾತಿ ಎಂಬ ಹೆಸರು ಆಕೆಗೆ ಅಂಟಿದ್ದು ಹೀಗೆ. ಇಸ್ಲಾಮಿನಲ್ಲಿ ಜಾತಿಯಿಲ್ಲ ಎಂದು ವೇದಿಕೆಗಳಲ್ಲಿ ಹೇಳುವ ನಮ್ಮ ಮನೆಗಳ ಹಿತ್ತಲಿಗೂ ಆಕೆ ಬರುತ್ತಿದ್ದಳು. ಉಳಿದ ಮನೆಗಳಲ್ಲಿ ಒಗೆದದ್ದು ಬಾಣಂತಿಯ ತಾಯಿ, ಇಲ್ಲವೆ ಮದುವೆಯಾಗದ ತಂಗಿ, ಇಲ್ಲವೆ ವಿಧವೆಯಾಗಿ ತವರಲ್ಲಿ ಉಳಿದ ಚಿಕ್ಕಮ್ಮ. ಬಾವಿಯಿಂದ ನೀರು ಸೇದಿ, ಕಲ್ಲಿಗೆ ಬಡಿದು, ಮಳೆಗಾಲದಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಒಂದೊಂದೇ ತುಂಡು ಹರಡಿ ಲೋಬಾನದ ಹೊಗೆಗೆ ಒಣಗಿಸಿದ ಆ ಕೈಗಳ ಬಗ್ಗೆ ಯಾರೂ ಲೇಖನ ಬರೆಯಲಿಲ್ಲ. ಆ ಹೆಣ್ಣುಮಕ್ಕಳಿಗೆ ಡೈಪರ್ ಬಿಡುಗಡೆಯಂತೆ ಕಂಡರೆ ಅದು ಅವರ ತಪ್ಪಲ್ಲ.

ಆದರೆ ಬಿಡುಗಡೆಯಾದದ್ದು ಯಾವುದು? ಕೆಲಸ ಇಲ್ಲವಾಗಲಿಲ್ಲ, ಹಿತ್ತಲಿನಿಂದ ಗೇಟಿಗೆ ಬಂತು. ಅಂದು ಹಿತ್ತಲಲ್ಲಿ ಗಂಟು ಎತ್ತಿದ ಕೈ, ಇಂದು ಗೇಟಿನಲ್ಲಿ ಚೀಲ ಎತ್ತುತ್ತಿದೆ. ಮಡಿವಾಳತಿಯ ಮುಖವಾದರೂ ಮನೆಯವರಿಗೆ ಗೊತ್ತಿತ್ತು, ಹೆಸರು ಗೊತ್ತಿತ್ತು. ಕಸದ ಗಾಡಿಯವನ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 2022ರ ಜುಲೈಯಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ಖಾಯಂ ಮಾಡಿ ಎಂದು ಮುಷ್ಕರ ಹೂಡಿದಾಗ ಬೀದಿಯಲ್ಲಿ ಕಸ ನಾರಿತೆಂದು ಗೊಣಗಿದವರಲ್ಲಿ ನಾವೂ ಇದ್ದೆವು. ಸರಕಾರ 2025ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ಡೈಪರಿನ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಿತು. ತಾಯಂದಿರಿಗೆ ಕೊಡುಗೆ ಎಂದರು. ಆ ಡೈಪರನ್ನು ಎತ್ತುವವರಿಗೆ ಏನು ಕೊಡುಗೆ ಎಂದು ಯಾರೂ ಕೇಳಲಿಲ್ಲ.

ಆದ್ದರಿಂದ ನಮ್ಮ ವಾದ ಇಷ್ಟು. ನಮ್ಮ ಮಗುವಿನ ಮಲಮೂತ್ರದ ಕೆಲಸ ನಮ್ಮ ಮನೆಯೊಳಗೇ ಮುಗಿಯಬೇಕು. ಅದಕ್ಕೆ ಸುಲಭದ ದಾರಿ ಬಟ್ಟೆ. ಆ ಬಟ್ಟೆ ಒಗೆಯಬೇಕಾದವರು ಮಗುವನ್ನು ಹುಟ್ಟಿಸಿದ ಇಬ್ಬರೂ. ಅವರಲ್ಲಿ ಒಬ್ಬಳು ಹೊಟ್ಟೆ ಕೊಯ್ಸಿಕೊಂಡೋ ಹೊಲಿಗೆ ಹಾಕಿಸಿಕೊಂಡೋ ರಕ್ತ ಕಳೆದುಕೊಂಡು ಮಲಗಿರುವಾಗ, ಒಗೆಯಬೇಕಾದವನು ಇನ್ನೊಬ್ಬ.

ಇಲ್ಲಿಗೆ ಬಂದಾಗ ಗಂಡಸರ ಸಭೆ ಎದ್ದು ಹೋಗುತ್ತದೆಂದು ನಮಗೆ ಗೊತ್ತು. ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿ ಇರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ಉತ್ತರಿಸಿದ್ದಾರೆ. ತಮ್ಮ ಬಟ್ಟೆಗೆ ತಾವೇ ಹೊಲಿಗೆ ಹಾಕುತ್ತಿದ್ದರು, ಚಪ್ಪಲಿ ರಿಪೇರಿ ಮಾಡಿಕೊಳ್ಳುತ್ತಿದ್ದರು ಎಂಬ ವರದಿಗಳೂ ಇವೆ. ಗಡ್ಡದಲ್ಲಿ, ಮಿಸ್ವಾಕಿನಲ್ಲಿ, ಖರ್ಜೂರದಲ್ಲಿ ಸುನ್ನತ್ ಹುಡುಕುವ ನಾವು ಈ ಸುನ್ನತನ್ನು ಮಾತ್ರ ಜಾಣತನದಿಂದ ದಾಟಿ ಹೋಗುತ್ತೇವೆ. ಅಖೀಖಾಗೆ ಕುರಿ ಕೊಯ್ದು ಊರಿಗೆ ಊಟ ಹಾಕುವ ತಂದೆಗೆ ಅದೇ ಮಗುವಿನ ಒಂದು ಬಟ್ಟೆ ಒಗೆಯಲು ನಾಚಿಕೆ.

'ಗಂಡ ಗಲ್ಫಿನಲ್ಲಿದ್ದಾನೆ, ಅವನೇನು ಮಾಡಿಯಾನು?' ಎಂದು ಕೇಳುವವರಿದ್ದಾರೆ. ಕರಾವಳಿಯ ಬಹಳಷ್ಟು ಮನೆಗಳಲ್ಲಿ ಇದು ನಿಜವೇ. ದಮ್ಮಾಮಿನಲ್ಲಿ ಕೂತು ಫೋನಿನ ಪರದೆಯಲ್ಲಿ ಮಗುವಿನ ಮುಖ ನೋಡುವ ತಂದೆಯ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಆ ಮನೆಯಲ್ಲಿ ಮೈದುನ ಇದ್ದಾನೆ, ಮಾವ ಇದ್ದಾರೆ, ಬಾಣಂತನ ತವರಿನಲ್ಲಾದರೆ ಅಣ್ಣತಮ್ಮಂದಿರಿದ್ದಾರೆ, ಇವರೆಲ್ಲರಿಗೂ ಎರಡೆರಡು ಕೈಗಳಿವೆ. ಊರಲ್ಲೇ ಇರುವ ತಂದೆಯಂದಿರಿಗಾದರೂ ರಜೆ ಸಿಗುತ್ತದೆಯೇ? 2017ರ ತಿದ್ದುಪಡಿಯ ಪ್ರಕಾರ ಸಂಘಟಿತ ವಲಯದ ತಾಯಿಗೆ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಬಂತು. ಕೇಂದ್ರ ಸರಕಾರಿ ನೌಕರನಾದ ತಂದೆಗೆ 15 ದಿನಗಳ ರಜೆಯಿದೆ. ಗ್ಯಾರೇಜಿನಲ್ಲಿ, ಮೀನಿನ ದಕ್ಕೆಯಲ್ಲಿ, ಬಟ್ಟೆ ಅಂಗಡಿಯಲ್ಲಿ ದುಡಿಯುವ ತಂದೆಗೆ? ಅವನು ಮೂರು ದಿನ ಕೆಲಸ ಬಿಟ್ಟರೆ ಮನೆಯ ಅಕ್ಕಿ ಮುಗಿಯುತ್ತದೆ. ಇದಕ್ಕಾಗಿ ಹೋರಾಡಬೇಕಾದ ಸಂಘಟನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಬೇಡಿಕೆಯ ಪಟ್ಟಿಯಲ್ಲಿ ಈ ಸಾಲು ಇಲ್ಲ. ಆದರೂ ರಾತ್ರಿ ಮನೆಗೆ ಬಂದು ಒಂದು ಬಕೆಟ್ ಬಟ್ಟೆ ಒಗೆಯಲು ಸರಕಾರದ ಆದೇಶ ಬೇಕಾಗಿಲ್ಲ.

ಹಾಗಾದರೆ ಆ ಬಕೆಟಿನಲ್ಲಿ ಎಷ್ಟು ಕೆಲಸವಿದೆ? ಹೇಳಿಕೊಡುವವರಿಲ್ಲದೆ ಹೆದರುವವರೇ ಹೆಚ್ಚು, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ಹುಟ್ಟಿದ ಮಗುವಿಗೆ ದಿನಕ್ಕೆ ಎಂಟು, ಹತ್ತು, ಕೆಲವೊಮ್ಮೆ ಹನ್ನೆರಡು ಬಟ್ಟೆಯೂ ಬೇಕಾಗುತ್ತದೆ. ಇಪ್ಪತ್ತೈದು ಮೂವತ್ತು ತುಂಡುಗಳಿದ್ದರೆ ತೊಂದರೆಯಿಲ್ಲ. ಹೊಸ ಬಟ್ಟೆಗಿಂತ ಹತ್ತಾರು ಬಾರಿ ಒಗೆದು ಮೆತ್ತಗಾದ ನೂಲಿನ ಬಟ್ಟೆಯೇ ಒಳ್ಳೆಯದು, ಅದು ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಮೊದಲ ಎರಡು ಮೂರು ದಿನ ಮಗು ಮಾಡುವುದು ಕಪ್ಪು ಅಂಟು ಮಲ. ಅದರ ಕಲೆ ಸುಲಭವಾಗಿ ಹೋಗದು, ಆ ದಿನಗಳಿಗೆ ತೀರಾ ಹಳೆಯ ತುಂಡುಗಳನ್ನು ಇಟ್ಟುಕೊಳ್ಳಬೇಕು. ಆಮೇಲಿನದು ಎದೆಹಾಲಿನ ತೆಳು ಹಳದಿ ಮಲ. ಪಾಯಿಖಾನೆಯಲ್ಲಿ ಎರಡು ಚೊಂಬು ನೀರು ಹೊಯ್ದರೆ ಹೋಗುತ್ತದೆ. ಹಾಗೆ ಜಾಲಿಸಿದ್ದನ್ನು ಮುಚ್ಚಳವಿರುವ ಬಕೆಟಿನಲ್ಲಿ ಹಾಕಿಟ್ಟು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸೋಪು ಹಾಕಿ ಒಗೆದರಾಯಿತು. ಸೋಪಿನ ಅಂಶ ಪೂರ್ತಿ ಹೋಗುವಂತೆ ಜಾಲಿಸುವುದು ಮುಖ್ಯ, ಉಳಿದರೆ ಚರ್ಮ ಕೆಂಪಾಗುತ್ತದೆ. ಪರಿಮಳದ ದ್ರಾವಣ ಯಾವುದೂ ಬೇಡ. ಬಿಸಿಲು ಬೇಕು. ವಾಶಿಂಗ್ ಮೆಶಿನ್ ಇದ್ದವರಿಗೆ ಇದರಲ್ಲಿ ಅರ್ಧ ಕೆಲಸವೂ ಇಲ್ಲ. ಎಣಿಸಿದರೆ ದಿನಕ್ಕೆ ಮುಕ್ಕಾಲು ಗಂಟೆಯ ಕೆಲಸ. ಗಂಡಸರು ಮಸೀದಿಯ ಜಗಲಿಯಲ್ಲಿ ರಾಜಕೀಯ ಮಾತಾಡುವ ಸಮಯ ಇದಕ್ಕಿಂತ ಹೆಚ್ಚು.

ಬಟ್ಟೆಗೆ ಇನ್ನೊಂದು ಗುಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಮಗುವಿಗೆ ಹಾಲು ಸಾಲುತ್ತಿದೆಯೇ ಎಂಬುದು ಪ್ರತಿ ಹೊಸ ತಾಯಿಯ ಆತಂಕ. ಐದನೆಯ ದಿನದ ನಂತರ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡಿದರೆ ಹಾಲು ಸಾಲುತ್ತಿದೆ ಎಂದು ವೈದ್ಯರು ಹೇಳುತ್ತಾರೆ. ಬಟ್ಟೆಯಾದರೆ ಒದ್ದೆ ತುಂಡುಗಳನ್ನು ಎಣಿಸಿದರೆ ಸಾಕು. ಡೈಪರಿನಲ್ಲಿ ಎರಡು ಬಾರಿಯದು ಮೂರು ಬಾರಿಯದು ಒಂದೇ ಮುದ್ದೆಯಾಗಿ, ಎಣಿಸಲು ಏನೂ ಉಳಿಯುವುದಿಲ್ಲ. ಹಾಲು ಸಾಲದೆಂದು ಹೆದರಿ ಡಬ್ಬಿ ಹಾಲಿಗೆ ಹೋದ ಮನೆಗಳನ್ನು ನಾವು ಕಂಡಿದ್ದೇವೆ.

ಚರ್ಮದ ವಿಷಯದಲ್ಲಿ ಡೈಪರ್ ಪಕ್ಷದವರ ಮಾತನ್ನು ಒಪ್ಪಬೇಕಾದಷ್ಟು ಒಪ್ಪೋಣ. ಒದ್ದೆ ಬಟ್ಟೆಯಲ್ಲೇ ಮಗುವನ್ನು ಬಿಟ್ಟರೆ ಅಲ್ಲೂ ದದ್ದು ಏಳುತ್ತದೆ. ಡೈಪರಿನ ಮೇಲ್ಪದರ ಒಣಗಿರುತ್ತದೆ ಎಂಬುದೂ ನಿಜ. ಆದರೆ ಒಣಗಿದೆ ಎಂಬ ಧೈರ್ಯದಲ್ಲಿ ಅದನ್ನು ಬದಲಿಸುವುದೇ ಇಲ್ಲವಲ್ಲ! ಒಂದಕ್ಕೆ ಹತ್ತು ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಬದಲಿಸಿದರೆ ತಿಂಗಳಿಗೆ 3,000 ರೂಪಾಯಿ. ಬೀಡಿ ಕಟ್ಟುವ ತಾಯಿ ಅಷ್ಟು ಹಣ ಎಲ್ಲಿಂದ ತಂದಾಳು? ದಿನಕ್ಕೆ ಮೂರರಲ್ಲಿ, ಎರಡರಲ್ಲಿ ಮುಗಿಸುತ್ತಾಳೆ. ಬೆಳಿಗ್ಗೆ ಕಟ್ಟಿದ್ದು ಸಂಜೆಯವರೆಗೆ ಇರುತ್ತದೆ. ಕರಾವಳಿಯ ಸೆಕೆಯಲ್ಲಿ ಆ ಮಗುವಿನ ತೊಡೆಸಂದು ಏನಾಗುತ್ತದೆಂದು ಯಾವ ಮಕ್ಕಳ ವೈದ್ಯರನ್ನಾದರೂ ಕೇಳಿ. ಶ್ರೀಮಂತರ ಅನುಕೂಲವನ್ನು ಬಡವರು ಅನುಸರಿಸಲು ಹೊರಟಾಗ ಅದರ ಸುಖ ಬರುವುದಿಲ್ಲ, ಖರ್ಚು ಮಾತ್ರ ಬರುತ್ತದೆ. ಆದರೂ ನೆಂಟರ ಎದುರು ಮಗುವಿಗೆ ಹಳೆ ಮುಂಡಿನ ತುಂಡು ಕಟ್ಟಿದರೆ ಬಡತನ ಕಂಡೀತೆಂಬ ಭಯ. ತೊಟ್ಟಿಲ ದಿನ ಉಡುಗೊರೆಯಾಗಿ ಬರುವುದೂ ಡೈಪರಿನ ದೊಡ್ಡ ಪೆಟ್ಟಿಗೆಯೇ.

ಓದಿಕೊಂಡವರು ಬ್ರಿಟನ್ನಿನ ಅಧ್ಯಯನವೊಂದನ್ನು ತೋರಿಸುತ್ತಾರೆ. ಅಲ್ಲಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಎರಡೂವರೆ ವರ್ಷಗಳಲ್ಲಿ ಒಂದು ಮಗುವಿನ ಡೈಪರಿನಿಂದ ಸುಮಾರು 550 ಕಿಲೋ, ಬಟ್ಟೆಯಿಂದ ಸುಮಾರು 570 ಕಿಲೋ ಇಂಗಾಲದ ಹೊರೆ. ಬಟ್ಟೆಯೇನೂ ಮೇಲಲ್ಲ ಎನ್ನುತ್ತಾರೆ. ಆದರೆ ಅದೇ ವರದಿಯ ಮುಂದಿನ ಮಾತನ್ನೂ ಓದಬೇಕು. ಮೆಶಿನ್ ತುಂಬುವಷ್ಟು ಬಟ್ಟೆ ಸೇರಿಸಿ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ ಬಟ್ಟೆಯ ಹೊರೆ ಶೇ. 40ರಷ್ಟು ಇಳಿಯುತ್ತದೆ ಎಂದಿದೆ ಅದು. ಕಾದ ನೀರಲ್ಲಿ ಒಗೆದು ವಿದ್ಯುತ್ ಯಂತ್ರದಲ್ಲಿ ಒಣಗಿಸುವ ದೇಶದ ಲೆಕ್ಕವನ್ನು, ಹಗ್ಗ ಕಟ್ಟಿ ಬಿಸಿಲಿಗೆ ಹಾಕುವ, ಅಣ್ಣನ ಬಟ್ಟೆ ತಮ್ಮನಿಗೆ, ತಮ್ಮನದು ಚಿಕ್ಕಪ್ಪನ ಮಗನಿಗೆ ಹೋಗುವ ನಮ್ಮ ಮನೆಗಳಿಗೆ ಅನ್ವಯಿಸುವುದು ಹೇಗೆ? ಮೇಲಾಗಿ ಆ ಲೆಕ್ಕದಲ್ಲಿ ಕಸದ ಗಾಡಿಯವನ ಬೆರಳುಗಳಿಗೆ ಒಂದು ಅಂಕಣವಿಲ್ಲ.

ಇತ್ತೀಚೆಗೆ ಪಟ್ಟಣಗಳಲ್ಲಿ ಬಟ್ಟೆಯ ಡೈಪರ್ ಎಂಬ ಹೊಸ ಸರಕು ಬಂದಿದೆ. ಬಣ್ಣದ ಚಿತ್ರ, ಒತ್ತುಗುಂಡಿ, ಒಳಗೆ ನೀರು ಸೋರದ ಪದರ, ಒಂದಕ್ಕೆ ನೂರಾರು ರೂಪಾಯಿ. ಮೂರು ಕಿಲೋ ತೂಗದ ಎಳೆಗೂಸಿಗೆ ಹೆಚ್ಚಿನವು ದೊಗಲೆ, ತೊಡೆಯ ಬದಿಯಿಂದ ಸೋರುತ್ತವೆ. ತಿಂಗಳುಗಳ ನಂತರ ಉಪಯೋಗಕ್ಕೆ ಬರಬಹುದು, ಕೊಳ್ಳುವ ಶಕ್ತಿಯಿದ್ದವರು ಕೊಳ್ಳಲಿ. ಅಜ್ಜಿಯ ಚೀಲವನ್ನು ಮಂಚದ ಕೆಳಗೆ ತಳ್ಳಿ, ಅದನ್ನೇ ಪರಿಸರಪ್ರೇಮದ ಹೆಸರಲ್ಲಿ ಅಂಗಡಿಯಿಂದ ತರುವುದು ನಮಗಂತೂ ನಗು ತರಿಸುತ್ತದೆ.

ಬಟ್ಟೆ ಸಾಧ್ಯವೇ ಇಲ್ಲದ ಸಂದರ್ಭಗಳಿವೆ. ಬೇಸಿಗೆಯಲ್ಲಿ ಕಲಬುರಗಿ, ವಿಜಯಪುರದ ಕಡೆ ಕೊಡ ನೀರಿಗೆ ಸಾಲು ನಿಲ್ಲುವವರಿಗೆ ಎರಡು ಬಕೆಟ್ ನೀರು ಸಣ್ಣ ಮಾತಲ್ಲ. ಕರಾವಳಿಯ ಆಷಾಢದಲ್ಲಿ ನಾಲ್ಕು ದಿನವಾದರೂ ಬಟ್ಟೆ ಒಣಗದು. ಅವಳಿ ಮಕ್ಕಳಿರುವ ಮನೆ, ಒಬ್ಬಂಟಿ ತಾಯಿ, ದೂರದ ಬಸ್ ಪ್ರಯಾಣ, ಜ್ವರದ ರಾತ್ರಿ. ಅಂಥಲ್ಲಿ ಡೈಪರ್ ಕಟ್ಟಿದವರನ್ನು ಯಾರೂ ದೂರಬಾರದು. ಅವರಲ್ಲಿ ನಮ್ಮ ಕೋರಿಕೆ ಒಂದೇ. ಮಲವನ್ನು ಪಾಯಿಖಾನೆಗೆ ಜಾಡಿಸಿ, ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಕೆಂಪು ಗುರುತು ಹಾಕಿ, ಪ್ರತ್ಯೇಕವಾಗಿ ಕೈಗೆ ಕೊಡಿ. ಕೊಡುವಾಗ ಅದೇನೆಂದು ಬಾಯಿಬಿಟ್ಟು ಹೇಳಿ.

ನಮ್ಮ ಜಮಾಅತ್‌ಗಳಲ್ಲಿ ಈಗ ಮದುವೆಗೆ ಮುಂಚೆ ಹುಡುಗರಿಗೆ ತರಬೇತಿ ಶಿಬಿರ ನಡೆಸುವುದು ಕೆಲವೆಡೆ ಆರಂಭವಾಗಿದೆ. ಪತಿಯ ಹಕ್ಕು, ಪತ್ನಿಯ ಕರ್ತವ್ಯ ಎಂದು ದಿನವಿಡೀ ಉಪನ್ಯಾಸ. ಮುಂದಿನ ಶಿಬಿರದಲ್ಲಿ ಮಧ್ಯಾಹ್ನದ ಊಟಕ್ಕೆ ಮುಂಚೆ ಅರ್ಧ ಗಂಟೆ ಬಿಡುವು ಮಾಡಿ. ವುಝೂ ಮಾಡುವ ಕಟ್ಟೆಯ ಬಳಿಯಲ್ಲ, ಹಿಂದುಗಡೆಯ ನಲ್ಲಿಯ ಬಳಿ ಒಂದು ಬಕೆಟ್, ಒಂದು ತುಂಡು ಸೋಪು, ಹತ್ತು ಚೌಕ ಬಟ್ಟೆ ಇಡಿ. ಕಲಿಸಲು ಯಾವ ಉಸ್ತಾದರೂ ಬೇಡ, ಆ ಊರಿನ ಒಬ್ಬ ಅಜ್ಜಿಯನ್ನು ಕರೆಸಿ. ಆಕೆಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಹುಡುಗರು ಒಗೆದು ಹಗ್ಗಕ್ಕೆ ಹಾಕಿದ್ದನ್ನು ಆಕೆ ಮುಟ್ಟಿ ನೋಡಲಿ. ಸೋಪು ಉಳಿದಿದ್ದರೆ ಮತ್ತೆ ಜಾಲಿಸಲು ಹೇಳಲಿ.